ಬೆಳಕಿಲ್ಲದ ಕಡಲಾಳದ ಆಹಾರಜಾಲ: ಬಂಗಾಳ ಕೊಲ್ಲಿಯ ಮೀಥೇನ್ ಒಸರುಗಳು

ಶೋಳಿಂಗನಲ್ಲೂರಿನಿಂದ ಉತ್ತರಕ್ಕೆ ತೊರೈಪಾಕ್ಕಂವರೆಗೆ ಹೋಗಿ ಅಲ್ಲಿಂದ ಪಲ್ಲಾವರದತ್ತ ತಿರುಗಿದರೆ, ರಸ್ತೆ ಪಳ್ಳಿಕರಣೈ ಜವುಗುನೆಲವನ್ನು ಸೀಳಿಕೊಂಡು ಸಾಗುತ್ತದೆ. ನಿತ್ಯ ಆ ಹಾದಿಯಲ್ಲಿ ಓಡಾಡುವ ನಮ್ಮವರಿಗೆ ಅಲ್ಲಿನ ವಾಸನೆ ಪರಿಚಿತವೇ. ಅದರಲ್ಲೊಂದು ಪಾಲು ಪಕ್ಕದ ಪೆರುಂಗುಡಿಯಲ್ಲಿ ದಶಕಗಳ ಕಾಲ ಸುರಿದ ಕಸದ್ದು. ಆದರೆ ಇನ್ನೊಂದು ಪಾಲು ಜವುಗಿನ ಸ್ವಂತದ್ದು. ನೀರು ಇಳಿದ ಕಡೆ ಕಪ್ಪು ಕೆಸರನ್ನು ಕೋಲಿನಿಂದ ಕೆದಕಿದರೆ ಕೊಳೆತ ಮೊಟ್ಟೆಯ ನಾತ ಬರುತ್ತದೆ, ಗುಳ್ಳೆಗಳೇಳುತ್ತವೆ. ನಾತ ಹೈಡ್ರೊಜನ್ ಸಲ್ಫೈಡ್ ಅನಿಲದ್ದು. ಗುಳ್ಳೆಗಳಲ್ಲಿ ಮೀಥೇನ್ ಇರುತ್ತದೆ. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಈ ಜವುಗಿನ ಅಂಚಿನಲ್ಲಿಯೇ, ಶೋಳಿಂಗನಲ್ಲೂರಿಗೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಆವರಣವಿದೆ. 1993ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯ ಯಂತ್ರಗಳು ಸಮುದ್ರದ ತಳದಲ್ಲಿ ಹುಡುಕುತ್ತಿರುವ ಸಂಗತಿಗಳಲ್ಲಿ ಈ ಎರಡು ಅನಿಲಗಳ ಕಥೆಯೂ ಸೇರಿದೆ.

ನಮಗೆ ವಿಷವೆನಿಸುವ ಸಲ್ಫೈಡ್ ಮತ್ತು ಒಲೆಗೆ ಉರುವಲಾಗುವ ಮೀಥೇನ್, ಇವೆರಡನ್ನೇ ಅನ್ನವಾಗಿಸಿಕೊಂಡು ಬದುಕುವ ಜೀವಸಮುದಾಯಗಳು ಕಡಲಾಳದಲ್ಲಿವೆ. ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸಮುದ್ರತಳದ ಬಿರುಕುಗಳಲ್ಲಿ ಕಾದ ನೀರು ಚಿಮ್ಮುವ ತಾಣಗಳು ಒಂದು ಬಗೆ. ಇವನ್ನು ನಾವು ಬಿಸಿನೀರಿನ ಚಿಲುಮೆಗಳೆಂದು ಕರೆಯೋಣ. ಬಿಸಿಯೇನೂ ಇಲ್ಲದೆ, ತಳದ ಕೆಸರಿನ ಮೂಲಕ ಮೀಥೇನ್ ಮೆಲ್ಲಗೆ ಜಿನುಗುವ ತಾಣಗಳು ಇನ್ನೊಂದು ಬಗೆ. ಇವು ತಣ್ಣನೆಯ ಒಸರುಗಳು. ಚಿಲುಮೆಗಳ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಆದರೆ ನಮಗೆ ಹತ್ತಿರದವು ಒಸರುಗಳೇ. ಬಂಗಾಳ ಕೊಲ್ಲಿಯಲ್ಲಿ, ಕೃಷ್ಣಾ ಮತ್ತು ಗೋದಾವರಿ ನದಿಗಳ ಮುಖಜಭೂಮಿಯ ಆಚೆ ಅವು ಇವೆ. ಆದ್ದರಿಂದ ಈ ಲೇಖನದಲ್ಲಿ ಹೆಚ್ಚಿನ ಸ್ಥಳವನ್ನು ಅವಕ್ಕೇ ಕೊಟ್ಟಿದ್ದೇವೆ.

ಬೆಳಕಿಲ್ಲದ ಬೇಸಾಯ

ಶಾಲೆಯಲ್ಲಿ ನಾವೆಲ್ಲರೂ ಕಲಿತ ಆಹಾರ ಸರಪಳಿ ಹುಲ್ಲಿನಿಂದ ಆರಂಭವಾಗುತ್ತದೆ. ಹುಲ್ಲು ಸೂರ್ಯನ ಬೆಳಕಿನಿಂದ ಆಹಾರವನ್ನು ತಯಾರಿಸುತ್ತದೆ, ಅದನ್ನು ಜಿಂಕೆ ತಿನ್ನುತ್ತದೆ, ಜಿಂಕೆಯನ್ನು ಹುಲಿ ತಿನ್ನುತ್ತದೆ. ಸಮುದ್ರದಲ್ಲಿ ಹುಲ್ಲಿನ ಸ್ಥಾನವನ್ನು ತೇಲುವ ಸೂಕ್ಷ್ಮ ಸಸ್ಯಗಳು ಪಡೆದಿವೆ. ಇನ್ನೂರು ಮೀಟರಿನ ಕೆಳಗೆ ಅವಕ್ಕೆ ಸಾಕಾಗುವಷ್ಟು ಬೆಳಕಿಲ್ಲ. ಸಾವಿರ ಮೀಟರಿನ ಕೆಳಗೆ ಪೂರ್ಣ ಕತ್ತಲೆ. ಅಲ್ಲಿನ ಪ್ರಾಣಿಗಳು ಮೇಲಿನಿಂದ ಉದುರುವ ಸತ್ತ ಜೀವಿಗಳ ಚೂರುಪಾರನ್ನು ನಂಬಿ, ಬಹುತೇಕ ಉಪವಾಸದ ಅಂಚಿನಲ್ಲಿ ಬದುಕುತ್ತವೆ. ಕಡಲತಳ ಮರುಭೂಮಿಯಂತೆ ಎಂದು ಬಹುಕಾಲ ನಂಬಿದ್ದುದಕ್ಕೆ ಇದೇ ಕಾರಣ.

ಬೆಳಕಿಲ್ಲದೆಯೂ ಆಹಾರ ತಯಾರಿಸಬಹುದೆಂಬುದು ಸೂಕ್ಷ್ಮಜೀವಿಗಳ ಅಧ್ಯಯನದಲ್ಲಿ ಹೊಸ ಮಾತಾಗಿರಲಿಲ್ಲ. ಗಂಧಕದ ಸಂಯುಕ್ತಗಳಿಂದ ಶಕ್ತಿ ಪಡೆಯುವ ಬ್ಯಾಕ್ಟೀರಿಯಾಗಳನ್ನು ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1880ರ ದಶಕದಲ್ಲಿಯೇ ಗುರುತಿಸಿದ್ದರು. ಸಲ್ಫೈಡನ್ನು ಆಮ್ಲಜನಕದೊಡನೆ ಕೂಡಿಸಿದಾಗ ಬಿಡುಗಡೆಯಾಗುವ ಶಕ್ತಿಯಿಂದ ಈ ಜೀವಿಗಳು ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿಸುತ್ತವೆ. ಇದಕ್ಕೆ ರಾಸಾಯನಿಕ ಸಂಶ್ಲೇಷಣೆ ಎಂದು ಹೆಸರು. ಆದರೆ ಇದನ್ನೇ ನೆಚ್ಚಿಕೊಂಡು ಆಳೆತ್ತರದ ಪ್ರಾಣಿಗಳ ಊರೊಂದು ನಡೆಯುತ್ತಿರಬಹುದೆಂದು ಯಾರೂ ಊಹಿಸಿರಲಿಲ್ಲ. 1977ರಲ್ಲಿ ಪೆಸಿಫಿಕ್ ಸಾಗರದ ಗಾಲಾಪಗೋಸ್ ಬಳಿ, ಸುಮಾರು 2,500 ಮೀಟರ್ ಆಳದಲ್ಲಿ, ಅಮೆರಿಕದ ಆಲ್ವಿನ್ ಎಂಬ ಮುಳುಗುನೌಕೆ ಅಂಥ ಊರನ್ನು ಕಂಡಿತು. ಅದರಲ್ಲಿದ್ದವರು ಭೂವಿಜ್ಞಾನಿಗಳು. ಜೀವಿಗಳು ಕಂಡಾವೆಂಬ ನಿರೀಕ್ಷೆಯೇ ಇಲ್ಲದ ಕಾರಣ ಆ ಯಾನಕ್ಕೆ ಜೀವವಿಜ್ಞಾನಿಗಳನ್ನು ಕರೆದೊಯ್ದಿರಲಿಲ್ಲ.

ಅಲ್ಲಿ ಸಿಕ್ಕ ಜೀವಿಗಳಲ್ಲಿ ಅತ್ಯಂತ ವಿಚಿತ್ರವಾದದ್ದು ರಿಫ್ಟಿಯಾ ಎಂಬ ದೈತ್ಯ ಕೊಳವೆ ಹುಳು. ಎರಡು ಮೀಟರಿನವರೆಗೆ ಬೆಳೆಯುವ ಈ ಹುಳುವಿಗೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಹಾಗಾದರೆ ಉಣ್ಣುವುದು ಹೇಗೆ? ಹಾರ್ವರ್ಡಿನಲ್ಲಿ ಆಗ ವಿದ್ಯಾರ್ಥಿನಿಯಾಗಿದ್ದ ಕೊಲೀನ್ ಕ್ಯಾವನಾ ಈ ಪ್ರಶ್ನೆಗೆ ಉತ್ತರವನ್ನು ಊಹಿಸಿದರು. ಆ ವಾದ 1981ರಲ್ಲಿ ಪ್ರಕಟವಾಯಿತು. ಹುಳುವಿನ ಒಡಲೊಳಗೆ ಗಂಧಕದ ಬ್ಯಾಕ್ಟೀರಿಯಾಗಳು ಕೋಟಿಗಟ್ಟಲೆ ನೆಲೆಸಿವೆ. ಹುಳು ತನ್ನ ಕೆಂಪು ಗರಿಗಳಿಂದ ಸಲ್ಫೈಡನ್ನೂ ಆಮ್ಲಜನಕವನ್ನೂ ಹೀರಿ ಅವಕ್ಕೆ ಒದಗಿಸುತ್ತದೆ. ಅವು ತಯಾರಿಸಿದ ಆಹಾರದಲ್ಲಿ ಇದಕ್ಕೆ ಪಾಲು. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಸಾಗಿಸುತ್ತದೆ. ರಿಫ್ಟಿಯಾದ ಹಿಮೋಗ್ಲೋಬಿನ್ ಸಲ್ಫೈಡನ್ನೂ ಬೇರೊಂದು ಕಡೆ ಕಟ್ಟಿಕೊಂಡು, ವಿಷ ತಾಗದಂತೆ ಸಾಗಿಸುತ್ತದೆ.

ಹಿಂದೂ ಮಹಾಸಾಗರದ ಚಿಲುಮೆಗಳ ಸಂಗತಿಯನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇವೆ. ಇಲ್ಲಿ ರಿಫ್ಟಿಯಾ ಇಲ್ಲ. 2000ದಲ್ಲಿ ಜಪಾನಿನ ವಿಜ್ಞಾನಿಗಳು ಕಂಡ ಕೈರೆಯ್ ತಾಣದಲ್ಲಿ, ಸುಮಾರು 2,400 ಮೀಟರ್ ಆಳದಲ್ಲಿ, 350 ಡಿಗ್ರಿಗೂ ಮೀರಿ ಕಾದ ಕಪ್ಪು ನೀರಿನ ಗೋಪುರಗಳ ಸುತ್ತ ಸೀಗಡಿಗಳು ಜೇನುಹುಳುಗಳಂತೆ ಮುತ್ತಿಕೊಂಡಿರುತ್ತವೆ. ಅವು ತಮ್ಮ ಕಿವಿರಿನ ಗೂಡಿನೊಳಗೆ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತವೆ. ಅಲ್ಲಿಯೇ 2001ರಲ್ಲಿ ದೊರೆತ ಒಂದು ಬಸವನಹುಳುವಿನ ಪಾದಕ್ಕೆ ಕಬ್ಬಿಣದ ಸಲ್ಫೈಡಿನ ಹುರುಪೆಗಳ ಹೊದಿಕೆ ಇದೆ. ಅದರ ಅನ್ನನಾಳದ ಗ್ರಂಥಿಯೊಂದು ಉಬ್ಬಿ ಬ್ಯಾಕ್ಟೀರಿಯಾಗಳ ವಾಸದ ಮನೆಯಾಗಿದೆ. ನಮ್ಮ ದೇಶದ ಪಾಲಿಗೆ ಈ ಅಧ್ಯಾಯ ತೆರೆದದ್ದು 2024ರ ಡಿಸೆಂಬರಿನಲ್ಲಿ. ಪಳ್ಳಿಕರಣೈ ಸಂಸ್ಥೆಯೂ ಗೋವೆಯ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನ ಕೇಂದ್ರವೂ ಕೂಡಿ, ತಾನಾಗಿಯೇ ಚಲಿಸುವ ಮುಳುಗುಯಂತ್ರವೊಂದನ್ನು ಇಳಿಸಿ, ಸುಮಾರು 4,500 ಮೀಟರ್ ಆಳದಲ್ಲಿ ಜೀವಂತ ಚಿಲುಮೆಯೊಂದರ ಚಿತ್ರವನ್ನು ತೆಗೆದವು. ಭಾರತೀಯ ಸಂಸ್ಥೆಗಳಿಗೆ ದೊರೆತ ಅಂಥ ಮೊದಲ ಚಿತ್ರವದು.

ಎರೆಮಣ್ಣು ಕಡಲಿಗೆ ಸೇರಿದ ಬಗೆ

ಈಗ ಒಸರುಗಳಿಗೆ ಬರೋಣ. ಚೆನ್ನೈಗೆ ಈಶಾನ್ಯದಲ್ಲಿ, ಆಂಧ್ರದ ಕರಾವಳಿಯಾಚೆ, ಸಮುದ್ರದ ತಳ ಇಳಿಜಾರಾಗಿ ಆಳಕ್ಕೆ ಸರಿಯುತ್ತದೆ. ಭೂವಿಜ್ಞಾನಿಗಳು ಅದನ್ನು ಕೃಷ್ಣಾ–ಗೋದಾವರಿ ಜಲಾನಯನವೆಂದು ಕರೆಯುತ್ತಾರೆ. ಕೋಟ್ಯಂತರ ವರ್ಷಗಳಿಂದ ಈ ಎರಡು ನದಿಗಳು ತಂದು ಸುರಿದ ಹೂಳು ಅಲ್ಲಿ ಕಿಲೋಮೀಟರುಗಟ್ಟಲೆ ದಪ್ಪಕ್ಕೆ ಶೇಖರವಾಗಿದೆ.

ಆ ಹೂಳು ಎಲ್ಲಿಯದೆಂದು ಕೇಳಿದರೆ ಕನ್ನಡಿಗರಿಗೆ ಉತ್ತರ ಗೊತ್ತೇ ಇದೆ. ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಯಾದಗಿರಿ, ರಾಯಚೂರು ಸೀಮೆಗಳನ್ನು ಹಾದುಹೋಗುತ್ತಾಳೆ. ಘಟಪ್ರಭೆ ಸೇರುತ್ತದೆ, ಕೂಡಲಸಂಗಮದಲ್ಲಿ ಮಲಪ್ರಭೆ ಸೇರುತ್ತದೆ, ಮುಂದೆ ಭೀಮೆ, ಗಡಿ ದಾಟಿದ ಮೇಲೆ ತುಂಗಭದ್ರೆ. ಗೋದಾವರಿಯಲ್ಲಿಯೂ ನಮ್ಮದೊಂದು ಎಳೆಯಿದೆ: ಬೀದರ ಜಿಲ್ಲೆಯನ್ನು ಹಾದುಹೋಗುವ ಮಾಂಜ್ರಾ ನದಿ ಅದಕ್ಕೇ ಸೇರುತ್ತದೆ. ದಖ್ಖನ್ನಿನ ಕಪ್ಪುಶಿಲೆ ಸವೆದು ಆದ ಎರೆಮಣ್ಣು, ಮಲೆನಾಡಿನ ತರಗೆಲೆ, ಹೊಲಗಳ ಕೂಳೆ, ದಂಡೆಯ ಜೊಂಡು, ಇವೆಲ್ಲ ಮಳೆಗಾಲದ ಕೆಂಪು–ಕಪ್ಪು ನೀರಿನಲ್ಲಿ ಬೆರೆತು ಹಂಸಲದೀವಿಯ ಬಳಿ ಕಡಲಿಗೆ ಸೇರುತ್ತಿದ್ದವು. ‘ಸೇರುತ್ತಿದ್ದವು’ ಎಂದು ಭೂತಕಾಲದಲ್ಲಿ ಬರೆಯಲು ಕಾರಣವಿದೆ. ಇಂದು ಅದರ ಬಹುಭಾಗವನ್ನು ಅಣೆಕಟ್ಟುಗಳು ತಡೆಹಿಡಿದಿವೆ. ಹೊಸಪೇಟೆಯ ತುಂಗಭದ್ರಾ ಜಲಾಶಯದ ಧಾರಣಶಕ್ತಿ ಆರಂಭದಲ್ಲಿ 133 ಟಿಎಂಸಿ ಅಡಿಯಷ್ಟಿದ್ದುದು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ರೈತರ ಪಾಲಿಗೆ ಅದು ನಷ್ಟದ ಲೆಕ್ಕ. ಕಡಲ ಕಡೆಯಿಂದ ನೋಡಿದರೆ, ತಲುಪಬೇಕಾಗಿದ್ದು ತಲುಪದೆ ಉಳಿದ ಸರಕು.

ಹಿಂದೆ ತಲುಪಿದ್ದು ಏನಾಯಿತು? ಕೆಸರಿನೊಡನೆ ಹೂತುಹೋದ ಸಾವಯವ ಪದಾರ್ಥವನ್ನು ಮೊದಲು ಆಮ್ಲಜನಕ ಬಳಸುವ ಜೀವಿಗಳು ಕೊಳೆಸುತ್ತವೆ. ಕೆಲವೇ ಅಂಗುಲಗಳ ಆಳದಲ್ಲಿ ಆಮ್ಲಜನಕ ಮುಗಿಯುತ್ತದೆ. ಅನಂತರದ ಸರದಿ ಸಮುದ್ರದ ನೀರಿನಲ್ಲಿರುವ ಸಲ್ಫೇಟನ್ನು ಬಳಸುವ ಬ್ಯಾಕ್ಟೀರಿಯಾಗಳದು. ಇವುಗಳಿಂದಲೇ ಕೊಳೆತ ಮೊಟ್ಟೆಯ ನಾತ. ಸಲ್ಫೇಟೂ ತೀರಿದ ಆಳದಲ್ಲಿ ಆರ್ಕಿಯಾ ಎಂಬ ಇನ್ನೊಂದು ಗುಂಪಿನ ಸೂಕ್ಷ್ಮಜೀವಿಗಳು ಕೆಲಸಕ್ಕೆ ಇಳಿದು ಮೀಥೇನನ್ನು ಉತ್ಪಾದಿಸುತ್ತವೆ. ಪಳ್ಳಿಕರಣೈ ಕೆಸರಿನಲ್ಲಿ ಒಂದು ಮೊಳದೊಳಗೆ ನಡೆಯುವ ವ್ಯವಹಾರವೇ ಅಲ್ಲಿ ನೂರಾರು ಮೀಟರ್ ದಪ್ಪದ ಹೂಳಿನಲ್ಲಿ ನಡೆದಿದೆ. ಒಂದು ವ್ಯತ್ಯಾಸ ಮಾತ್ರ ಇದೆ. ಅಲ್ಲಿನ ಒತ್ತಡ ಮತ್ತು ಚಳಿಯಲ್ಲಿ ಮೀಥೇನ್ ನೀರಿನೊಡನೆ ಸೇರಿ ಮಂಜುಗಡ್ಡೆಯಂತಹ ಘನವಸ್ತುವಾಗುತ್ತದೆ. ಇದು ಮೀಥೇನ್ ಹೈಡ್ರೇಟ್. ಒಂದು ಲೀಟರ್ ಹೈಡ್ರೇಟ್ ಕರಗಿದರೆ ಸುಮಾರು 164 ಲೀಟರ್ ಅನಿಲ ಹೊರಬರುತ್ತದೆ. 2006ರಲ್ಲಿ ಜಾಯ್ಡಿಸ್ ರೆಸೊಲ್ಯೂಶನ್ ಎಂಬ ಕೊರೆಯುವ ಹಡಗು ಭಾರತದ ರಾಷ್ಟ್ರೀಯ ಅನಿಲ ಹೈಡ್ರೇಟ್ ಕಾರ್ಯಕ್ರಮದ ಪರವಾಗಿ ಈ ಜಲಾನಯನದಲ್ಲಿ ಕೊರೆದಾಗ ಒಂದು ಕಡೆ 128 ಮೀಟರ್ ದಪ್ಪದ ಹೈಡ್ರೇಟ್ ಪದರ ಸಿಕ್ಕಿತು.

ಐವತ್ತು ಸಾವಿರ ವರ್ಷಗಳ ಹಿಂದಿನ ಚಿಪ್ಪುಗಳು

ಅನಿಲವಿದ್ದ ಕಡೆ ಬಿರುಕುಗಳಿದ್ದರೆ ಒಸರು ಇರಲೇಬೇಕು. ಅದರ ಮೊದಲ ಸಾಕ್ಷ್ಯ ಸಿಕ್ಕಿದ್ದು ಸತ್ತ ಚಿಪ್ಪುಗಳ ರೂಪದಲ್ಲಿ. 2007ರ ಮೇ ತಿಂಗಳಿನಲ್ಲಿ ಮರಿಯಾನ್ ಡುಫ್ರೆನ್ ಎಂಬ ಫ್ರೆಂಚ್ ಹಡಗಿನಿಂದ ತೆಗೆದ ಕೆಸರಿನ ಉದ್ದನೆಯ ಕಂಬವೊಂದನ್ನು ವಿಜ್ಞಾನಿಗಳು ಪರೀಕ್ಷಿಸಿದರು. ಸಮುದ್ರತಳಕ್ಕಿಂತ 16ರಿಂದ 20 ಮೀಟರ್ ಕೆಳಗಿನ ಪದರದಲ್ಲಿ ಸುಣ್ಣದ ಗಟ್ಟಿಗಳು, ಸಣ್ಣ ಹೊಗೆಗೂಡಿನಂತಹ ರಚನೆಗಳು, ಪೈರೈಟ್ ಮತ್ತು ಕ್ಯಾಲಿಪ್ಟೊಜಿನಾ ಜಾತಿಯ ಕಪ್ಪೆಚಿಪ್ಪುಗಳು ಕಂಡವು. ಈ ಚಿಪ್ಪಿನ ಜೀವಿ ಸಲ್ಫೈಡ್ ಇಲ್ಲದ ಕಡೆ ಬದುಕುವುದಿಲ್ಲ. ಸುಣ್ಣದ ಗಟ್ಟಿಗಳ ಕಾಲವನ್ನು ಅಳೆದಾಗ ಸುಮಾರು 46,000ದಿಂದ 53,000 ವರ್ಷಗಳೆಂದು ತಿಳಿಯಿತು. 2009ರಲ್ಲಿ ಇದರ ವರದಿ ಪ್ರಕಟವಾಯಿತು. ಅಂದರೆ ಅಷ್ಟು ಹಿಂದೆಯೇ ಅಲ್ಲೊಂದು ಊರಿತ್ತು, ಅನಂತರ ಅದರ ಮೇಲೆ ಹೂಳು ಮುಚ್ಚಿಕೊಂಡಿತು.

ಜೀವಂತ ಊರು ಸಿಕ್ಕಿದ್ದು ಅದಾದ ಹತ್ತು ವರ್ಷಗಳಿಗೆ. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಅನಿನ್ದ ಮಜುಂದಾರ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಭಾರತದ ವಿಶಿಷ್ಟ ಆರ್ಥಿಕ ವಲಯದೊಳಗಿನ ಮೊದಲ ಸಕ್ರಿಯ ಒಸರುತಾಣಗಳನ್ನು ವರ್ಣಿಸಿದರು. ಆಳ 900ರಿಂದ 1,800 ಮೀಟರ್. ಮುಳ್ಳಯ್ಯನಗಿರಿಯನ್ನು ತಲೆಕೆಳಗಾಗಿ ಮುಳುಗಿಸಿದರೆ ಅದರ ತುದಿ ತಾಗುವಷ್ಟು. ನೀರಿನೊಳಗೆ ಏಳುವ ಅನಿಲದ ಗುಳ್ಳೆಗಳ ಕಂಬಗಳನ್ನು ಶಬ್ದತರಂಗಗಳಿಂದ ಗುರುತಿಸಿ ಆ ತಾಣಗಳನ್ನು ಪತ್ತೆಹಚ್ಚಿದರು. ತಳದಿಂದ ಕೇವಲ ಎರಡು ಮೂರು ಮೀಟರ್ ಕೆಳಗೆ ಹೈಡ್ರೇಟ್ ದೊರೆಯಿತು. ಜೊತೆಗೆ ಜೀವಿಗಳು: ವೆಸಿಕೊಮಿಡೆ, ಮೈಟಿಲಿಡೆ, ಥಯಾಸಿರಿಡೆ, ಸೋಲೆಮೈಡೆ ಎಂಬ ನಾಲ್ಕು ಕುಟುಂಬಗಳ ಕಪ್ಪೆಚಿಪ್ಪುಗಳು, ಸಿಬೊಗ್ಲಿನಿಡೆ ಕುಟುಂಬದ ಕೊಳವೆ ಹುಳುಗಳು, ಪ್ರೊವನ್ನಿಡೆ ಕುಟುಂಬದ ಶಂಖದ ಹುಳುಗಳು. ಹೆಸರುಗಳು ನಾಲಿಗೆಗೆ ತೊಡಕೇ. ಆದರೆ ಒಂದೊಂದು ಕುಟುಂಬವೂ ಒಂದೊಂದು ಬಗೆಯ ಊಟದ ವ್ಯವಸ್ಥೆಯಾದ್ದರಿಂದ ಇವನ್ನು ಬಿಡುವಂತಿಲ್ಲ.

ಯಾರು ಏನನ್ನು ಉಣ್ಣುತ್ತಾರೆ

ಈ ಅಡುಗೆಮನೆಯ ಮೊದಲ ಒಲೆ ಕೆಸರಿನೊಳಗಿದೆ, ಕಣ್ಣಿಗೆ ಕಾಣುವುದಿಲ್ಲ. ಕೆಳಗಿನಿಂದ ಬರುವ ಮೀಥೇನ್, ಮೇಲಿನ ನೀರಿನಿಂದ ಇಳಿಯುವ ಸಲ್ಫೇಟ್, ಎರಡೂ ಸಂಧಿಸುವ ಪದರದಲ್ಲಿ ಎರಡು ಜಾತಿಯ ಸೂಕ್ಷ್ಮಜೀವಿಗಳು ಒಂದಕ್ಕೊಂದು ಅಂಟಿಕೊಂಡು ಬದುಕುತ್ತವೆ. ಆರ್ಕಿಯಾ ಮೀಥೇನನ್ನು ಒಡೆಯುತ್ತದೆ. ಜೊತೆಯ ಬ್ಯಾಕ್ಟೀರಿಯಾ ಸಲ್ಫೇಟನ್ನು ಸಲ್ಫೈಡಾಗಿಸುತ್ತದೆ. ಒಂಟಿಯಾಗಿ ಇದು ಇಬ್ಬರಿಂದಲೂ ಆಗದ ಕೆಲಸ. ಇಬ್ಬರಿಗೂ ದಕ್ಕುವ ಶಕ್ತಿ ಬಹಳ ಸ್ವಲ್ಪ. ಆದ್ದರಿಂದ ಇವುಗಳ ಸಂಖ್ಯೆ ಇಮ್ಮಡಿಯಾಗಲು ತಿಂಗಳುಗಳೇ ಬೇಕು. ಮೊಸರಿನ ಬ್ಯಾಕ್ಟೀರಿಯಾ ಒಂದು ರಾತ್ರಿಯಲ್ಲಿ ಪಾತ್ರೆಯನ್ನೇ ತುಂಬುತ್ತದೆ ಎಂಬುದನ್ನು ನೆನೆದರೆ ಈ ನಿಧಾನ ಅರ್ಥವಾಗುತ್ತದೆ. ಮೀಥೇನಿನಲ್ಲಿದ್ದ ಶಕ್ತಿಯ ಹೆಚ್ಚಿನ ಭಾಗ ಸಲ್ಫೈಡಿನಲ್ಲಿ ಉಳಿದುಬಿಡುತ್ತದೆ. ಮೇಲಿನ ಪದರದವರ ಪಾಲಿಗೆ ಅದೇ ಅನ್ನ. ಪಕ್ಕದ ಉತ್ಪನ್ನವಾದ ಬೈಕಾರ್ಬೊನೇಟ್ ಸುಣ್ಣವಾಗಿ ಗಟ್ಟಿಗೊಂಡು ಬಂಡೆಯಾಗುತ್ತದೆ. ಮೆತ್ತನೆಯ ಕೆಸರಿನ ಬಯಲಿನಲ್ಲಿ ಅಂಟಿಕೊಂಡು ಬದುಕುವ ಜೀವಿಗಳಿಗೆ ಹಿಡಿಯಲೊಂದು ನೆಲೆ ಸಿಗುತ್ತದೆ.

ಆ ಸಲ್ಫೈಡನ್ನು ಪಡೆಯುವ ಉಪಾಯಗಳನ್ನು ನೋಡಿ. ಸಲ್ಫೈಡ್ ಕೆಸರಿನಲ್ಲಿದೆ, ಆಮ್ಲಜನಕ ನೀರಿನಲ್ಲಿದೆ. ಎರಡೂ ಒಂದೇ ಕಡೆ ಹೆಚ್ಚು ಹೊತ್ತು ಇರಲಾರವು. ವೆಸಿಕೊಮಿಡೆ ಚಿಪ್ಪುಗಳು ಗಡಿಯಲ್ಲಿ ನೆಟ್ಟಗೆ ಕೂರುತ್ತವೆ: ಪಾದ ಕೆಸರಿನೊಳಗೆ, ಉಸಿರಿನ ನಳಿಗೆ ನೀರಿನಲ್ಲಿ. ಪಾದದಿಂದ ಸಲ್ಫೈಡ್, ಕಿವಿರಿನಿಂದ ಆಮ್ಲಜನಕ. ಎರಡೂ ಕಿವಿರಿನೊಳಗಿನ ಬ್ಯಾಕ್ಟೀರಿಯಾಗಳಿಗೆ ತಲುಪುತ್ತವೆ. ಥಯಾಸಿರಿಡೆ ಕುಟುಂಬದವು ಗಾತ್ರದಲ್ಲಿ ಚಿಕ್ಕವು, ಆದರೆ ಅವುಗಳ ಪಾದ ದಾರದಂತೆ ಚಾಚಿ ಚಿಪ್ಪಿನ ಹಲವು ಪಟ್ಟು ಆಳಕ್ಕೆ ಸುರಂಗ ತೋಡುತ್ತದೆ. ಸೋಲೆಮೈಡೆಗಳಲ್ಲಿ ಕರುಳು ಬಹಳ ಕಿರಿದಾಗಿದೆ. ಕೆಲವುಗಳಲ್ಲಿ ಇಲ್ಲವೇ ಇಲ್ಲ. ಮೈಟಿಲಿಡೆ ನಮ್ಮ ಕರಾವಳಿಯವರು ಪಚ್ಚಿಲೆಯೆಂದು ಕರೆದು ಪಲ್ಯ ಮಾಡುವ ಚಿಪ್ಪಿನ ದೂರದ ನೆಂಟ. ಒಸರುಗಳ ಪಚ್ಚಿಲೆಗಳಲ್ಲಿ ಹಲವು ನೇರವಾಗಿ ಮೀಥೇನನ್ನೇ ಬಳಸುವ ಬ್ಯಾಕ್ಟೀರಿಯಾಗಳನ್ನು ಕಿವಿರಿನಲ್ಲಿ ಸಾಕಿಕೊಂಡಿವೆ. ಕೆಲವು ಎರಡೂ ಬಗೆಯವನ್ನು ಸಾಕುತ್ತವೆ. ಕರುಳನ್ನೂ ಉಳಿಸಿಕೊಂಡಿರುವುದರಿಂದ ತೇಲಿಬಂದದ್ದನ್ನೂ ತಿನ್ನಬಲ್ಲವು. ಎರಡು ದೋಣಿಯ ಪಯಣ ಎಂದು ಹಂಗಿಸುವವರು ಹಂಗಿಸಲಿ, ಅನಿಲದ ಹರಿವು ಹೆಚ್ಚುಕಡಿಮೆಯಾದಾಗ ಉಳಿಯುವುದು ಇಂಥವೇ.

ಕೊಳವೆ ಹುಳುಗಳ ಸಂಗತಿ ಬೇರೆ. ಚಿಲುಮೆಯ ರಿಫ್ಟಿಯಾ ಅವಸರದ ಜೀವಿ: ಎರಡು ವರ್ಷದೊಳಗೆ ಆಳೆತ್ತರ ಬೆಳೆದು, ಚಿಲುಮೆ ಬತ್ತಿದೊಡನೆ ಸಾಯುತ್ತದೆ. ಒಸರುಗಳ ಹುಳುಗಳು ತದ್ವಿರುದ್ಧ. ಮೆಕ್ಸಿಕೊ ಕೊಲ್ಲಿಯ ಲ್ಯಾಮೆಲಿಬ್ರಾಕಿಯಾ ಹುಳುಗಳಿಗೆ ಇನ್ನೂರು ವರ್ಷದ ಆಸುಪಾಸಿನ ಆಯುಸ್ಸನ್ನು ಲೆಕ್ಕಹಾಕಲಾಗಿದೆ. ಅಲ್ಲಿಯೇ ಇನ್ನೂ ಆಳದ ಎಸ್ಕಾರ್ಪಿಯಾ ಎಂಬ ಹುಳು ಮುನ್ನೂರು ವರ್ಷಗಳನ್ನು ದಾಟಬಲ್ಲದೆಂದು 2017ರ ಅಧ್ಯಯನವೊಂದು ತಿಳಿಸಿತು. ಅವು ಬೇರಿನಂತಹ ಹಿಂಭಾಗವನ್ನು ಕೆಸರಿನೊಳಗೆ ಇಳಿಬಿಟ್ಟು ಸಲ್ಫೈಡ್ ಹೀರುತ್ತವೆ. ಟಿಪ್ಪುವಿನ ಕಾಲದಲ್ಲಿ ಹುಟ್ಟಿದ ಹುಳು ಇಂದಿಗೂ ಬದುಕಿರಬಹುದೆಂದರೆ, ಅಂಥ ತಾಣವನ್ನು ಒಂದು ಮಧ್ಯಾಹ್ನದಲ್ಲಿ ಅಗೆದು ಕೆಡಿಸಿದರೆ ಅದು ಮರಳಿ ಬರಲು ಎಷ್ಟು ಕಾಲ ಬೇಕೆಂಬುದನ್ನು ಓದುಗರೇ ಎಣಿಸಬಹುದು.

ಇವೆಲ್ಲ ಮನೆಯೊಳಗೆ ಬೆಳೆದು ಉಣ್ಣುವವರು. ಹೊರಗೆ ಮೇಯುವವರೂ ಇದ್ದಾರೆ. ಕೆಸರಿನ ಮೇಲೆ ಬಿಳಿ, ಕಿತ್ತಳೆ ಬಣ್ಣದ ಕಂಬಳಿಯಂತೆ ಹಬ್ಬುವ ಬ್ಯಾಕ್ಟೀರಿಯಾಗಳನ್ನು ಪ್ರೊವನ್ನಿಡೆಯಂತಹ ಶಂಖದ ಹುಳುಗಳು ಕೆರೆದು ತಿನ್ನುತ್ತವೆ. ಕೋಸ್ಟರಿಕದ ಒಸರುಗಳಲ್ಲಿ ಕಂಡ ಕೀವಾ ಎಂಬ ಏಡಿ ತನ್ನ ರೋಮಭರಿತ ಕೈಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸುತ್ತದೆ. ಆ ಕೈಗಳನ್ನು ಲಯಬದ್ಧವಾಗಿ ಬೀಸಿ ಅವಕ್ಕೆ ಹೊಸ ನೀರನ್ನು ಒದಗಿಸಿ, ಬಳಿಕ ಬಾಚಿ ತಿನ್ನುತ್ತದೆ. ಇವರ ಮೇಲೆ ಬೇಟೆಗಾರರು: ಏಡಿಗಳು, ಅಷ್ಟಪದಿಗಳು, ಮೀನುಗಳು. ಇವರಲ್ಲಿ ಹಲವರು ಒಸರಿನ ಕಾಯಂ ನಿವಾಸಿಗಳಲ್ಲ. ಸುತ್ತಲಿನ ಬಡ ಬಯಲಿನಿಂದ ಊಟದ ಹೊತ್ತಿಗೆ ಬಂದು ಹೋಗುವವರು. ಹೀಗೆ ಒಸರಿನ ಅನ್ನ ಒಸರಿನಲ್ಲೇ ಉಳಿಯದೆ ಸುತ್ತಣ ಕಡಲತಳಕ್ಕೂ ಹಂಚಿಹೋಗುತ್ತದೆ. ಒಸರುಗಳ ಮಹತ್ವವನ್ನು ಅವುಗಳ ವಿಸ್ತೀರ್ಣದಿಂದ ಅಳೆಯಬಾರದು ಎನ್ನಲು ಇದೇ ಆಧಾರ.

ಎರಡು ಕಿಲೋಮೀಟರ್ ಆಳದಲ್ಲಿ ಯಾರು ಯಾರನ್ನು ತಿಂದರೆಂದು ನೋಡುತ್ತ ಕೂರುವವರು ಯಾರು? ಅದನ್ನು ತಿಳಿಯಲು ಇಂಗಾಲವೇ ಸಾಕ್ಷಿ ಹೇಳುತ್ತದೆ. ಪ್ರಕೃತಿಯಲ್ಲಿ ಇಂಗಾಲದ ಹಗುರ ಪರಮಾಣುಗಳ ನಡುವೆ ತುಸು ಭಾರವಾದ ಕಾರ್ಬನ್–13 ಅಲ್ಪ ಪ್ರಮಾಣದಲ್ಲಿರುತ್ತದೆ. ಒಂದು ನಿಗದಿತ ಮಾನಕ್ಕೆ ಹೋಲಿಸಿ ಅದು ಸಾವಿರಕ್ಕೆ ಎಷ್ಟು ಕಡಿಮೆಯೆಂದು ಅಳೆಯುತ್ತಾರೆ. ಸೂರ್ಯನ ಬೆಳಕಿನಿಂದ ಬೆಳೆದ ಕಡಲ ಸಸ್ಯಗಳಲ್ಲಿ ಈ ಅಂಕಿ ಋಣ 20ರ ಆಸುಪಾಸು. ಸಲ್ಫೈಡನ್ನು ನೆಚ್ಚಿದ ಕಪ್ಪೆಚಿಪ್ಪುಗಳಲ್ಲಿ ಸಾಮಾನ್ಯವಾಗಿ ಋಣ 35ರ ಸುತ್ತಮುತ್ತ. ಸೂಕ್ಷ್ಮಜೀವಿಗಳು ಉತ್ಪಾದಿಸಿದ ಮೀಥೇನಿನಲ್ಲಿ ಋಣ 60ಕ್ಕಿಂತಲೂ ಕೆಳಗೆ. ಅದನ್ನು ಉಂಡ ಪಚ್ಚಿಲೆಯ ಮಾಂಸದಲ್ಲಿಯೂ ಅದರ ಛಾಯೆ ಉಳಿಯುತ್ತದೆ. ತಿಂದವನ ಮೈಯಲ್ಲಿ ತಿಂದದ್ದರ ಗುರುತು ಹೆಚ್ಚು ಬದಲಾಗದ ಕಾರಣ, ಏಡಿಯ ಒಂದು ಚೂರು ಮಾಂಸವನ್ನು ಪರೀಕ್ಷಿಸಿದರೆ ಅದು ಯಾವ ಒಲೆಯ ಅನ್ನ ಉಂಡಿತೆಂದು ತಿಳಿಯುತ್ತದೆ. ನೈಟ್ರೊಜನ್–15 ಮಾತ್ರ ಪ್ರತಿ ಮೆಟ್ಟಿಲಿಗೂ ಸಾವಿರಕ್ಕೆ ಮೂರರಷ್ಟು ಏರುತ್ತ ಹೋಗುತ್ತದೆ. ಆಹಾರಜಾಲದಲ್ಲಿ ಪ್ರಾಣಿಯ ಸ್ಥಾನ ಎಷ್ಟನೆಯದೆಂದು ಹೇಳಲು ಅದು ನೆರವಾಗುತ್ತದೆ. ಹಿಂದೆ ಹೇಳಿದ ಐವತ್ತು ಸಾವಿರ ವರ್ಷದ ಸುಣ್ಣದ ಗಟ್ಟಿಗಳಲ್ಲಿ ಇಂಗಾಲದ ಅಂಕಿ ಋಣ 41ರಿಂದ ಋಣ 52. ಸಮುದ್ರದ ನೀರಿನ ಇಂಗಾಲ ಒಂದಿಷ್ಟು ಬೆರೆತರೂ ಮೀಥೇನಿನ ಸಹಿ ಅಳಿಸಿಲ್ಲ.

ಸೂರ್ಯನ ಹಂಗು

ಇಂಥ ಲೇಖನಗಳಲ್ಲಿ ‘ಸೂರ್ಯನ ಹಂಗಿಲ್ಲದ ಜೀವನ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ನಾವು ಅದನ್ನು ಒಪ್ಪುವುದಿಲ್ಲ. ಕೊಳವೆ ಹುಳುವೂ ಕಪ್ಪೆಚಿಪ್ಪೂ ಸಲ್ಫೈಡಿನೊಡನೆ ಕೂಡಿಸುವ ಆಮ್ಲಜನಕ, ಮೇಲಿನ ಹಸಿರು ಸಸ್ಯಗಳು ಸೂರ್ಯನ ಬೆಳಕಿನಲ್ಲಿ ಬಿಡುಗಡೆ ಮಾಡಿದ್ದೇ. ಅದಿಲ್ಲದೆ ಬದುಕಬಲ್ಲ ಸೂಕ್ಷ್ಮಜೀವಿಗಳಿವೆ, ನಿಜ; ಆದರೆ ಆ ಊರಿನ ದೊಡ್ಡ ಪ್ರಾಣಿಗಳಲ್ಲಿ ಒಂದೂ ಬದುಕಲಾರದು. ಬಿಸಿನೀರಿನ ಚಿಲುಮೆಯಲ್ಲಿ ಕನಿಷ್ಠಪಕ್ಷ ಉರುವಲಾದರೂ ಭೂಮಿಯ ಒಡಲಿನದು. ಬಂಗಾಳ ಕೊಲ್ಲಿಯ ಒಸರುಗಳಲ್ಲಿ ಉರುವಲೂ ಹಳೆಯ ಬಿಸಿಲೇ. ಅಲ್ಲಿನ ಮೀಥೇನ್ ಬಹುಪಾಲು ಸೂಕ್ಷ್ಮಜೀವಿಗಳಿಂದ ಆದದ್ದು. ಅವು ಒಡೆದದ್ದು ಕಡಲ ಸಸ್ಯಗಳ ಜೊತೆಗೆ ನದಿಗಳು ಹೊತ್ತು ತಂದ ನೆಲದ ಸಸ್ಯಗಳ ಅವಶೇಷವನ್ನೂ. ಯಾವುದೋ ಯುಗದಲ್ಲಿ ಸಹ್ಯಾದ್ರಿಯ ಮರವೊಂದರ ಎಲೆಯ ಮೇಲೆ ಬಿದ್ದ ಬಿಸಿಲು, ಎಲೆಯೊಡನೆ ಹೊಳೆಗೆ ಬಿದ್ದು, ಕೃಷ್ಣೆಯ ಹೂಳಿನಲ್ಲಿ ಹೂತು, ಅನಿಲವಾಗಿ ಮೇಲೆದ್ದು, ಇಂದು 1,800 ಮೀಟರ್ ಆಳದಲ್ಲಿ ಕಪ್ಪೆಚಿಪ್ಪೊಂದರ ಊಟವಾಗುತ್ತಿದ್ದರೆ ಅದು ಉತ್ಪ್ರೇಕ್ಷೆಯಲ್ಲ. ಅಣೆಕಟ್ಟು ತಡೆದ ಹೂಳಿನ ಪರಿಣಾಮ ಇಂದಿನ ಒಸರಿಗೆ ತಟ್ಟುವುದಿಲ್ಲ. ಅಲ್ಲಿ ಖರ್ಚಾಗುತ್ತಿರುವುದು ಬಹಳ ಹಿಂದಿನ ಕಣಜ.

ಈ ಊರು ನಮಗೆ ಮಾಡುತ್ತಿರುವ ಉಪಕಾರವೂ ಒಂದಿದೆ. ಮೀಥೇನ್ ವಾತಾವರಣಕ್ಕೆ ಸೇರಿದರೆ ಇಂಗಾಲದ ಡೈಆಕ್ಸೈಡಿಗಿಂತ ಹಲವು ಪಟ್ಟು ಹೆಚ್ಚು ಬಿಸಿಯನ್ನು ಹಿಡಿದಿಡುತ್ತದೆ. ಸಮುದ್ರತಳದಿಂದ ಹೊರಡುವ ಮೀಥೇನಿನ ಬಹುಭಾಗವನ್ನು ಕೆಸರಿನ ಸೂಕ್ಷ್ಮಜೀವಿಗಳೂ, ತಪ್ಪಿಸಿಕೊಂಡದ್ದರಲ್ಲಿ ಹೆಚ್ಚಿನದನ್ನು ನೀರಿನಲ್ಲಿರುವ ಬ್ಯಾಕ್ಟೀರಿಯಾಗಳೂ ದಾರಿಯಲ್ಲೇ ಮುಗಿಸುತ್ತವೆ.

ಗುತ್ತಿಗೆಯ ಷರತ್ತು

ಈ ತಾಣಗಳಲ್ಲಿ ಜೀವಿಗಳಿರುವಂತೆಯೇ ಮನುಷ್ಯನಿಗೆ ಬೇಕಾದ ಸರಕೂ ಇದೆ. ಹೈಡ್ರೇಟಿನಲ್ಲಿ ಇಂಧನ, ಚಿಲುಮೆಗಳ ಗೋಪುರಗಳಲ್ಲಿ ತಾಮ್ರ, ಸತು, ಚಿನ್ನ, ಬೆಳ್ಳಿ. ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದೊಡನೆ ಭಾರತ 2016ರ ಸೆಪ್ಟೆಂಬರಿನಲ್ಲಿ ಹದಿನೈದು ವರ್ಷಗಳ ಒಪ್ಪಂದಕ್ಕೆ ಸಹಿಹಾಕಿ, ಹಿಂದೂ ಮಹಾಸಾಗರದ ಮಧ್ಯ ಮತ್ತು ನೈಋತ್ಯ ಏಣುಗಳಲ್ಲಿ 10,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ಲೋಹದ ಸಲ್ಫೈಡುಗಳನ್ನು ಅನ್ವೇಷಿಸುವ ಹಕ್ಕನ್ನು ಪಡೆಯಿತು. 2021ರಲ್ಲಿ ಕೇಂದ್ರ ಸರಕಾರ ಐದು ವರ್ಷಗಳಿಗೆ 4,077 ಕೋಟಿ ರೂಪಾಯಿಗಳ ಆಳಸಾಗರ ಯೋಜನೆಗೆ ಒಪ್ಪಿಗೆ ನೀಡಿತು. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಲೆಂದು ಪಳ್ಳಿಕರಣೈ ಸಂಸ್ಥೆ ರೂಪಿಸುತ್ತಿರುವ ಮತ್ಸ್ಯ 6000 ಎಂಬ ಮುಳುಗುನೌಕೆ ಈ ಯೋಜನೆಯದೇ. ಅದರ ಬಂದರು ಪರೀಕ್ಷೆಗಳು 2025ರ ಆರಂಭದಲ್ಲಿ ಚೆನ್ನೈಗೆ ಉತ್ತರದ ಕಾಟ್ಟುಪಳ್ಳಿಯಲ್ಲಿ ನಡೆದವು.

ಅನ್ವೇಷಣೆಯೆಂದರೆ ಗಣಿಗಾರಿಕೆಯಲ್ಲ, ಒಪ್ಪಂದದಲ್ಲಿ ಸದ್ಯಕ್ಕೆ ಅಗೆಯುವ ಹಕ್ಕಿಲ್ಲ. ಆದರೂ ಆತಂಕ ನಿರಾಧಾರವಲ್ಲ. ಕಬ್ಬಿಣದ ಹುರುಪೆಯ ಬಸವನಹುಳುವನ್ನು 2019ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಿತು. ಆಗ ಅದು ಬದುಕಿದ್ದುದಾಗಿ ತಿಳಿದಿದ್ದುದು ಮೂರೇ ಚಿಲುಮೆ ತಾಣಗಳಲ್ಲಿ. ಅವುಗಳಲ್ಲಿ ಎರಡು ಬೇರೆ ದೇಶಗಳ ಗಣಿ ಅನ್ವೇಷಣೆಯ ವ್ಯಾಪ್ತಿಯೊಳಗಿದ್ದವು. ಆಳಸಮುದ್ರದ ಗಣಿಗಾರಿಕೆಯ ಭೀತಿಯೊಂದನ್ನೇ ಕಾರಣವಾಗಿಟ್ಟು ಆ ಪಟ್ಟಿಗೆ ಸೇರಿದ ಮೊದಲ ಜೀವಿ ಅದು.

ಒಂದು ವಿಷಯ ಮಾತ್ರ ಸಾಮಾನ್ಯ ಓದುಗರಿಗೆ ತಿಳಿದಿರುವುದಿಲ್ಲ. ಪ್ರಾಧಿಕಾರದ ನಿಯಮಗಳ ಪ್ರಕಾರ, ಅನ್ವೇಷಣೆಯ ಹಕ್ಕು ಪಡೆದ ದೇಶ ಲೋಹವನ್ನಷ್ಟೇ ಲೆಕ್ಕ ಹಾಕಿದರೆ ಸಾಲದು. ಆ ಪ್ರದೇಶದ ಜೀವಿಗಳು ಯಾವುವು, ಎಷ್ಟು, ಒಂದಕ್ಕೊಂದರ ಸಂಬಂಧವೇನು ಎಂಬ ಮೂಲಮಾಹಿತಿಯನ್ನೂ ಸಂಗ್ರಹಿಸಿ ಸಲ್ಲಿಸಬೇಕು. ಸೀಗಡಿ ಏನನ್ನು ಉಣ್ಣುತ್ತದೆ, ಅದನ್ನು ಉಣ್ಣುವವರು ಯಾರು ಎಂದು ಬರೆದಿಡುವುದು ಹೀಗೆ ಒಪ್ಪಂದದ ಕರ್ತವ್ಯವೂ ಆಗಿದೆ. ನಮ್ಮ ದೇಶದ 2016ರ ಒಪ್ಪಂದದ ಅವಧಿ 2031ರವರೆಗೆ ಇದೆ.